ವಾಟ್ಸಾಪ್ ಗ್ರೂಪಿನಲ್ಲಿ ಹೇಳಿದ್ದು ಹೆಲ್ತ್ ಇನ್ಸ್‌ಪೆಕ್ಟರ್‌ಗೆ ಕೇಳಿಸಲ್ಲ

ಕೊಚ್ಚಿಯ ಇನ್ಫೋಪಾರ್ಕ್, ತಿರುವನಂತಪುರದ ಟೆಕ್ನೋಪಾರ್ಕ್ ಕಡೆ ಕೆಲಸ ಮಾಡ್ತಿರೋ ನಮ್ಮ ಕನ್ನಡದವರಿಗಾಗಿ ಇವತ್ತಿನ ಮಾತು. ವಿಷಯ: ನಾವು ಕುಡಿಯೋ ನೀರು, ತಿನ್ನೋ ಊಟ, ಅದನ್ನು ತಪಾಸಣೆ ಮಾಡೋ ಸರ್ಕಾರಿ ವ್ಯವಸ್ಥೆ.

2024ರ ಜೂನ್. ಇನ್ಫೋಪಾರ್ಕ್ ಇರೋ ಕಾಕ್ಕನಾಡಿನಲ್ಲೇ ಡಿಎಲ್‌ಎಫ್ ನ್ಯೂ ಟೌನ್ ಹೈಟ್ಸ್ ಅನ್ನೋ ಅಪಾರ್ಟ್‌ಮೆಂಟ್ ಇದೆ. 15 ಟವರ್, ಸಾವಿರಕ್ಕೂ ಹೆಚ್ಚು ಫ್ಲ್ಯಾಟ್. ಅಲ್ಲಿ 300ಕ್ಕೂ ಹೆಚ್ಚು ಜನಕ್ಕೆ ವಾಂತಿ, ಭೇದಿ ಆಯ್ತು. ಆರೋಗ್ಯ ಇಲಾಖೆಯವರು ಬಂದು ನೀರಿನ ಸ್ಯಾಂಪಲ್ ಪರೀಕ್ಷೆ ಮಾಡಿಸಿದಾಗ ಇ-ಕೋಲಿ ಬ್ಯಾಕ್ಟೀರಿಯಾ ಸಿಕ್ತು. ಅಂದ್ರೆ ನೀರಿಗೆ ಎಲ್ಲೋ ಮಲದ ಅಂಶ ಸೇರಿದೆ ಅಂತ ಅರ್ಥ. ನಮ್ಮ ದೇಶದ ಮಾನದಂಡದ ಪ್ರಕಾರ 100 ಎಂಎಲ್ ಕುಡಿಯುವ ನೀರಿನಲ್ಲಿ ಒಂದೇ ಒಂದು ಇ-ಕೋಲಿ ಕೂಡ ಕಾಣಬಾರದು.

ಇದರಲ್ಲಿ ನಾವು ಗಮನಿಸಬೇಕಾದ್ದು ತಾರೀಖು. ತಿಂಗಳ ಶುರುವಿನಿಂದಲೇ ಜನ ಹಾಸಿಗೆ ಹಿಡೀತಿದ್ರು. ವಿಷಯ ದೊಡ್ಡದಾಗಿ ಹೊರಬಿದ್ದಿದ್ದು ಮೂರನೇ ವಾರದಲ್ಲಿ.

ಯಾಕೆ ಹೀಗಾಗುತ್ತೆ? ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಒಬ್ಬೊಬ್ಬರು ಒಂದೊಂದು ಆಸ್ಪತ್ರೆಗೆ ಹೋಗ್ತಾರೆ. ಒಬ್ಬರು ನಿನ್ನೆ ತಿಂದ ಬಿರಿಯಾನಿ ಅಂತಾರೆ, ಇನ್ನೊಬ್ಬರು ಮಳೆಗಾಲ ಅಂತಾರೆ. ಯಾವ ಡಾಕ್ಟರಿಗೂ ಮುನ್ನೂರು ಜನ ಕಾಣಲ್ಲ, ಮೂರೋ ನಾಲ್ಕೋ ಜನ ಕಾಣ್ತಾರೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಎರರ್ ಲಾಗ್‌ಗಳು ಇವೆ, ಆದ್ರೆ ಒಂದೇ ಕಡೆ ಸೇರಿಲ್ಲ. ಅಲರ್ಟ್ ಹೊಡೆಯೋದು ಹೇಗೆ?

ಇದಕ್ಕೆ ಹೋಲಿಸಿ ನೋಡಿ: 2022ರ ಮೇ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದ 16 ವರ್ಷದ ಹುಡುಗಿ ತೀರಿಕೊಂಡಳು. ಅಲ್ಲಿ ಒಂದೇ ಅಂಗಡಿಯಲ್ಲಿ ತಿಂದವರು ಒಟ್ಟಿಗೆ ಆಸ್ಪತ್ರೆ ಸೇರಿದ್ರು. ಹಾಗಾಗಿ ಮೂಲ ಬೇಗ ಗೊತ್ತಾಯ್ತು, ಅಂಗಡಿ ಮುಚ್ಚಿಸಿದ್ರು, ಶಿಗೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಪತ್ತೆಯಾಯ್ತು. ಆಮೇಲೆ ರಾಜ್ಯದ ತುಂಬಾ ಶವರ್ಮಾ ಅಂಗಡಿಗಳ ತಪಾಸಣೆ ನಡೀತು. 2023ರ ಜನವರಿಯಲ್ಲಿ ಹಸಿ ಮೊಟ್ಟೆಯ ಮಯೋನೀಸ್ ನಿಷೇಧ, ಪಾರ್ಸೆಲ್ ಮೇಲೆ ತಯಾರಿಸಿದ ಸಮಯದ ಸ್ಟಿಕ್ಕರ್ ಕಡ್ಡಾಯ, ಇವೆಲ್ಲ ಬಂದ್ವು. ಆದ್ರೆ ಅಷ್ಟೊತ್ತಿಗೆ ಜೀವ ಹೋಗಿತ್ತು, ಅದನ್ನು ಮರೆಯಬಾರದು.

ಕಾನೂನು ಇಲ್ಲ ಅಂತಲ್ಲ. ಮೊದಲು ಕಾಸರಗೋಡಿನ ಕಡೆಗೆ 1939ರ ಮದ್ರಾಸ್ ಕಾಯ್ದೆ, ಕೊಚ್ಚಿ, ತಿರುವನಂತಪುರಕ್ಕೆ 1955ರ ತಿರುವಾಂಕೂರು-ಕೊಚ್ಚಿ ಕಾಯ್ದೆ. ಈಗ ಎರಡರ ಜಾಗದಲ್ಲಿ 2023ರ ಕೇರಳ ಸಾರ್ವಜನಿಕ ಆರೋಗ್ಯ ಕಾಯ್ದೆ ಇದೆ. ಆದ್ರೆ ಇನ್ಸ್‌ಪೆಕ್ಟರ್ ಬಂದು ಟ್ಯಾಂಕ್ ಮುಚ್ಚಳ ತೆಗೆಸಬೇಕಾದ್ರೆ, ಯಾವ ಟ್ಯಾಂಕ್ ಅಂತ ಅವರಿಗೆ ಗೊತ್ತಾಗಬೇಕಲ್ವಾ?

ಇಲ್ಲೇ ನಮ್ಮಂಥವರ ತೊಂದರೆ. ಪಿಜಿ, ಬಾಡಿಗೆ ಮನೆ, ಟ್ಯಾಂಕರ್ ನೀರು. ಮಲಯಾಳಂ ಅಷ್ಟಕ್ಕಷ್ಟೆ. ಹೊಟ್ಟೆ ಕೆಟ್ಟರೆ ಒಂದು ಮಾತ್ರೆ ನುಂಗಿ ವರ್ಕ್ ಫ್ರಮ್ ಹೋಮ್ ಹಾಕ್ತೀವಿ, ಗ್ರೂಪಿನಲ್ಲಿ ಒಂದು ಮೆಸೇಜ್ ಬಿಡ್ತೀವಿ. ಓನರ್ ಸಿಟ್ಟಾಗಿ ಮನೆ ಖಾಲಿ ಮಾಡಿಸಿದ್ರೆ ಅನ್ನೋ ಭಯವೂ ಇದೆ. ಅದು ಸುಳ್ಳು ಭಯ ಅಂತ ನಾನು ಹೇಳಲ್ಲ. ಆದ್ರೆ ಒಂದು ದಾರಿ ಇದೆ: ಓನರ್ ಮೇಲೆ ದೂರು ಕೊಡಬೇಡಿ, ಕಾಯಿಲೆಯ ಸುದ್ದಿ ಕೊಡಿ. "ಈ ಕಟ್ಟಡದಲ್ಲಿ ಇಷ್ಟು ಜನಕ್ಕೆ, ಈ ದಿನದಿಂದ ವಾಂತಿ ಭೇದಿ" ಅಷ್ಟೇ. ನಾಲ್ಕು ಮನೆಯವರು ಸೇರಿ ಹೇಳಿದ್ರೆ ಯಾರೊಬ್ಬರ ಹೆಸರೂ ಮುಂದೆ ಬರಲ್ಲ.

ಯಾರಿಗೆ ಹೇಳೋದು? ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರ, ಇಲ್ಲಾ ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆ. ಕಾಕ್ಕನಾಡಿನವರು ತೃಕ್ಕಾಕ್ಕರ ನಗರಸಭೆಯ ಆರೋಗ್ಯ ವಿಭಾಗಕ್ಕೆ, ಕಳಕ್ಕೂಟ್ಟಂ ಕಡೆಯವರು ತಿರುವನಂತಪುರ ಕಾರ್ಪೊರೇಷನ್‌ಗೆ. ಆರೋಗ್ಯ ಸಹಾಯವಾಣಿ 1056. ಹೋಟೆಲ್ ಊಟದ ವಿಷಯ ಆದ್ರೆ ಆಹಾರ ಸುರಕ್ಷತಾ ಇಲಾಖೆಯ 1800 425 1125. ಬಿಲ್ ಮತ್ತು ಸ್ಟಿಕ್ಕರಿನ ಫೋಟೋ ಇಟ್ಕೊಳ್ಳಿ. ಮಲಯಾಳಂನಲ್ಲಿ ಭೇದಿಗೆ "ವಯರಿಳಕ್ಕಂ" ಅಂತಾರೆ, ವಾಂತಿಗೆ "ಛರ್ದಿ". ಈ ಎರಡು ಪದ ಗೊತ್ತಿದ್ರೆ ಮಾತು ಶುರುವಾಗುತ್ತೆ.

ಕೊನೆಯದಾಗಿ ನೀರಿನ ಬಗ್ಗೆ ಒಂದು ಮಾತು. ಇಲ್ಲಿ ಹೋಟೆಲಿನಲ್ಲಿ ಕೊಡ್ತಾರಲ್ಲ, ಪದಿಮುಗಂ ಹಾಕಿದ ಗುಲಾಬಿ ಬಣ್ಣದ ಬಿಸಿ ನೀರು, ಒಳ್ಳೇದೇ. ಆದ್ರೆ ಬೇಗ ಆರಲಿ ಅಂತ ಅದಕ್ಕೆ ತಣ್ಣೀರು ಬೆರೆಸಿದ್ರೆ ಕುದಿಸಿದ್ದೆಲ್ಲ ದಂಡ. ಮನೇಲೂ ಅಷ್ಟೇ: ಪೂರ್ತಿ ಕುದಿಸಿ, ಹಾಗೇ ಆರೋಕೆ ಬಿಡಿ.

ನಿಮ್ಮ ಫ್ಲೋರಿನಲ್ಲಿ ಎರಡನೇ ಮನೆಯವರಿಗೂ ಹೊಟ್ಟೆ ಕೆಟ್ಟಿದೆ ಅಂತ ಗೊತ್ತಾದ ದಿನವೇ ಫೋನ್ ಮಾಡಿ. ಮೂರನೇ ವಾರದ ತನಕ ಕಾಯಬೇಡಿ.