ಹೆಸರು ಒಂದೇ, ಗಾಡಿ ಬೇರೆ: ಜಾವಾ ಜಗಳದ ಒಳಗುಟ್ಟು
(ಕೊಡ್ಲಿಯಲ್ಲಿ ಮಾಡಿದ ಭಾಷಣದ ಪಠ್ಯ)



ಶಹಾಬಾದ್ ಕಲ್ಲು ಎಂದು ಊರೂರಿಗೆ ಹೋಗುವ ಫರಸಿಯೆಲ್ಲ ಶಹಾಬಾದಿನ ನೆಲದಿಂದ ಎದ್ದದ್ದಲ್ಲ. ವಾಡಿ, ಚಿತ್ತಾಪುರ, ಸೇಡಂ ಕಡೆಯ ಗಣಿಗಳ ಕಲ್ಲಿಗೂ ಪೇಟೆಯಲ್ಲಿ ಅದೇ ಹೆಸರು. ಅದನ್ನು ಯಾರೂ ನಕಲಿ ಎನ್ನುವುದಿಲ್ಲ. ಗುಣ ಒಂದೇ ಆಗಿರುವಾಗ ಹೆಸರಿನ ತಕರಾರು ಏಳುವುದಿಲ್ಲ. ಆದರೆ ಒಳಗಿನದು ಬದಲಾಗಿ ಹೆಸರೂ ರೂಪವೂ ಉಳಿದರೆ? ವಾಹನಪ್ರಿಯರ ಜಗಳ ಹುಟ್ಟುವುದು ಅಲ್ಲಿ.

ಹೊರದೇಶಗಳಲ್ಲಿ ಇದು ಹಳೆಯ ಜಗಳ. 1962ರಲ್ಲಿ ಅಮೆರಿಕದ ಕ್ಯಾರಲ್ ಶೆಲ್ಬಿ, ಇಂಗ್ಲೆಂಡಿನ ಎ.ಸಿ. ಕಂಪನಿಯ ಹಗುರ ಕಾರಿಗೆ ಫೋರ್ಡ್ ಎಂಜಿನ್ ಕೂರಿಸಿ 'ಕೋಬ್ರಾ' ಮಾಡಿದರು. ಆ ಕಾಲದ ಅಸಲು ಕಾರುಗಳು ಸುಮಾರು ಒಂದು ಸಾವಿರ. ಅವುಗಳ ಪ್ರತಿರೂಪ ತಯಾರಿಸಿದ ಕಂಪನಿಗಳು ಹತ್ತಾರು. ಅವರಲ್ಲಿ ಮರ್ಯಾದಸ್ಥರು ಯಾರು ಎಂಬ ವಾದ ಇನ್ನೂ ಮುಗಿದಿಲ್ಲ.

ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ವಾದ ಜಾವಾದ್ದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕು ತಯಾರಿಸತೊಡಗಿತು. ನಕ್ಷೆ ಚೆಕೊಸ್ಲೊವಾಕಿಯದ್ದು, ಪರವಾನಗಿ ಅಲ್ಲಿಯದು, ದುಡಿಮೆ ಮೈಸೂರಿನದು. ಮುಂದೆ ಎಪ್ಪತ್ತರ ದಶಕದಲ್ಲಿ ಹೆಸರು 'ಯೆಜ್ಡಿ' ಆಯಿತು. ಎರಡು ಸ್ಟ್ರೋಕಿನ ಎಂಜಿನ್, ಜೋಡಿ ಸೈಲೆನ್ಸರ್, ಕಿಕ್ ಹೊಡೆಯುವ ಲಿವರಿನಿಂದಲೇ ಗೇರ್ ಹಾಕುವ ಜಾಣ್ಮೆ – ಇವು ಆ ಗಾಡಿಯ ಗುರುತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಕೆಲಸಗಾರರ ಕೈಯಿಂದ ದುಡಿಮೆ ಹೋಯಿತು; ಅವರು ಗಳಿಸಿಕೊಟ್ಟ ಹೆಸರು ಮಾತ್ರ ಉಳಿಯಿತು.

ಆ ಹೆಸರೇ 2018ರ ನವೆಂಬರ್ 15ರಂದು ಮತ್ತೆ ಮಾರುಕಟ್ಟೆಗೆ ಬಂತು. ಮಹೀಂದ್ರಾ ಬಂಡವಾಳದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಚೆಕ್ ಮಾಲೀಕರ ಪರವಾನಗಿ ಪಡೆದು ಹೊಸ ಜಾವಾ ಹೊರತಂದಿತು. ಟ್ಯಾಂಕಿನ ಹೊಳಪು, ಜೋಡಿ ಸೈಲೆನ್ಸರ್ ಎಲ್ಲವೂ ಹಳೆಯದರಂತೆ. ಎಂಜಿನ್ ಮಾತ್ರ 293 ಸಿ.ಸಿ.ಯ, ನೀರಿನಿಂದ ತಂಪಾಗುವ ನಾಲ್ಕು ಸ್ಟ್ರೋಕಿನದು; ಮಹೀಂದ್ರಾ ಮೋಜೋ ಬೈಕಿನ ಎಂಜಿನ್ನಿನಿಂದ ರೂಪಿಸಿದ್ದು. ತಯಾರಿಕೆ ಮಧ್ಯಪ್ರದೇಶದ ಪೀಥಂಪುರದಲ್ಲಿ.

ಅಭಿಮಾನಿಗಳು ಎರಡು ಪಾಳಯವಾದರು. 'ಇದು ಜಾವಾದ ವೇಷ ತೊಟ್ಟ ಬೇರೆ ಗಾಡಿ' ಎಂದು ಒಂದು ಕಡೆಯವರು. 'ಹೊಗೆಯ ನಿಯಮ ಬಿಗಿಯಾದ ಮೇಲೆ ಹಳೆಯ ಎಂಜಿನ್ ಮಾಡುವುದು ಹೇಗೆ? ಹೆಸರು ಉಳಿಯಿತಲ್ಲ' ಎಂದು ಇನ್ನೊಂದು ಕಡೆಯವರು. 2018ರ ಡಿಸೆಂಬರ್‌ನಲ್ಲೇ, 2019ರ ಸೆಪ್ಟೆಂಬರ್‌ವರೆಗಿನ ಗಾಡಿಗಳೆಲ್ಲ ಬುಕ್ ಆಗಿ, ಹಣ ಕಟ್ಟಿದವರು ತಿಂಗಳುಗಟ್ಟಲೆ ಕಾಯುವಂತಾದಾಗ ಮಾತು ಇನ್ನಷ್ಟು ಖಾರವಾಯಿತು.

ಯೆಜ್ಡಿಯ ವಿಚಾರ ನ್ಯಾಯಾಲಯಕ್ಕೇ ಹೋಯಿತು. ಆ ಹೆಸರು ಮುಚ್ಚಿದ ಐಡಿಯಲ್ ಜಾವಾ ಕಂಪನಿಯ ಆಸ್ತಿ ಎಂದು ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ 2022ರ ಡಿಸೆಂಬರ್‌ನಲ್ಲಿ ಹೇಳಿತು. ಅದರ ಮೇಲೆ ಮೇಲ್ಮನವಿ ಹೋಯಿತು. ಕಾರ್ಖಾನೆ ಮುಚ್ಚಿ ಕಾಲು ಶತಮಾನ ಕಳೆದ ಮೇಲೂ ಬರೀ ಹೆಸರಿಗೆ ಇಷ್ಟು ಬೆಲೆ!

ಈ ಜಗಳದಲ್ಲಿ ಮೂರು ಪ್ರಶ್ನೆಗಳು ಕಲಸಿಹೋಗಿವೆ. ಹೆಸರಿನ ಹಕ್ಕು ಯಾರದು? ಅದನ್ನು ಕೋರ್ಟು ಹೇಳಬೇಕು. ಗಾಡಿ ಗಟ್ಟಿಯೇ? ಅದನ್ನು ರಸ್ತೆ ಹೇಳುತ್ತದೆ, ಮೆಕ್ಯಾನಿಕ್ ಹೇಳುತ್ತಾನೆ. ಕೊಳ್ಳುವವನಿಗೆ ಒಳಗಿರುವುದನ್ನು ಮುಚ್ಚಿಡದೆ ಹೇಳಿದ್ದಾರೆಯೇ? ಮರ್ಯಾದೆಯ ಪ್ರಶ್ನೆ ಇದೊಂದೇ. ಪರದೇಶದ ನಕ್ಷೆ ನೋಡಿ ಮಾಡಿದ್ದಕ್ಕೆ ಮೈಸೂರಿನ ಗಾಡಿಯನ್ನು ಯಾರೂ ನಕಲಿ ಎನ್ನಲಿಲ್ಲ. ಅದು ಮೊದಲು ಹೆಸರನ್ನು ಎರವಲು ತಂದಿತು. ಆಮೇಲೆ ವರ್ಷಾನುಗಟ್ಟಲೆ ಓಡಿ ಆ ಹೆಸರನ್ನು ತನ್ನದಾಗಿಸಿಕೊಂಡಿತು. ಹೊಸ ಗಾಡಿಯೂ ಅಷ್ಟು ವರ್ಷ ಓಡಿ ತೋರಿಸಬೇಕು.