ಹೊಸ್ತಿಲಲ್ಲಿ ನಿಂತಾಕೆ

ಚರ್ಚಿಗೆ ಹೋಗಬೇಕು ಅನ್ನಿಸುತ್ತದೆ, ಅಲ್ಲಿ ಹೇಳುವುದನ್ನೆಲ್ಲ ಒಪ್ಪಲು ಮಾತ್ರ ಮನಸ್ಸು ಬಾರದು. ಇಂಥ ಇಬ್ಬಂದಿಯಲ್ಲೇ ಬದುಕಿದಾಕೆ ಫ್ರಾನ್ಸಿನ ಚಿಂತಕಿ ಸಿಮೋನ್ ವೇಲ್.

1909ರಲ್ಲಿ ಪ್ಯಾರಿಸ್ಸಿನ ಯಹೂದಿ ಕುಟುಂಬದಲ್ಲಿ ಹುಟ್ಟು. ಮನೆಯಲ್ಲಿ ದೇವರ ಗೊಡವೆಯೇ ಇರಲಿಲ್ಲ. 1937ರಲ್ಲಿ ಅಸಿಸಿಯ ಪುಟ್ಟ ಪ್ರಾರ್ಥನಾಲಯವೊಂದರಲ್ಲಿ ಬದುಕಿನಲ್ಲೇ ಮೊದಲ ಸಲ ಮಂಡಿಯೂರಿದಳು. ಮರುವರ್ಷ ಈಸ್ಟರ್ ಹೊತ್ತಿಗೆ ಸೊಲೆಮ್ ಮಠದಲ್ಲಿ ಹತ್ತು ದಿನ. ತಲೆ ಸಿಡಿಯುವ ನೋವು, ಒಂದೊಂದು ಸದ್ದೂ ಏಟಿನಂತೆ ಬೀಳುತ್ತಿತ್ತು. ಆದರೂ ಸನ್ಯಾಸಿಗಳ ಗಾಯನ ಬಿಟ್ಟು ಏಳಲಿಲ್ಲ.

ಇಷ್ಟಾದ ಮೇಲೆ ದೀಕ್ಷಾಸ್ನಾನ ಪಡೆಯಬಹುದಿತ್ತಲ್ಲ? ಮಾರ್ಸೆಯಲ್ಲಿ ಪಾದ್ರಿ ಪೆರಾಂ ಜತೆ ಇದೇ ವಾದ, ಇದೇ ಪತ್ರವ್ಯವಹಾರ. ಒಪ್ಪದವರನ್ನು ಬಹಿಷ್ಕರಿಸುವ ಧರ್ಮಸಭೆಯ ಹಳೆಯ ಚಾಳಿಯನ್ನು ಆಕೆ ಸಹಿಸಲಾರಳು. ಆ ದಿನಗಳಲ್ಲೇ ಗೀತೆಯನ್ನು ಮೂಲದಲ್ಲಿ ಓದಲೆಂದು ಸಂಸ್ಕೃತ ಬೇರೆ ಕಲಿಯುತ್ತಿದ್ದಳು! ಒಳಗೆ ಕಾಲಿಟ್ಟರೆ ಅದನ್ನೆಲ್ಲ ಹೊರಗೆ ಬಿಡಬೇಕಾದೀತೆಂಬ ಅಳುಕು. ಹಟಮಾರಿ ಎನ್ನುವವರು ಎನ್ನಲಿ, ನನಗಂತೂ ಅದು ಪ್ರಾಮಾಣಿಕತೆಯಾಗಿಯೇ ಕಾಣುತ್ತದೆ.

ಹಾಗೆಂದು ಚರ್ಚಿನ ಕಡೆ ತಲೆಹಾಕದೆ ಕೂತವಳಲ್ಲ. 1942ರಲ್ಲಿ ನ್ಯೂಯಾರ್ಕಿನಲ್ಲಿದ್ದಾಗ ದಿನಾ ಕ್ಯಾಥೊಲಿಕ್ ಪೂಜೆಗೆ ಹೋಗುತ್ತಿದ್ದಳು. ಭಾನುವಾರ ಬಂದರೆ ಹಾರ್ಲೆಮಿನ ಬ್ಯಾಪ್ಟಿಸ್ಟ್ ಚರ್ಚಿಗೂ ಹಾಜರಿ, ಕಪ್ಪುಜನರ ನಡುವೆ.