ಕಡಲ ಅಕಶೇರುಕಗಳಲ್ಲಿ ಸ್ನಾಯು ಪ್ರೋಟೀನುಗಳ ವಿಕಾಸ

ಆಕ್ಟಿನ್ ಮತ್ತು ಮಯೋಸಿನ್ ಎಂಬ ಎರಡು ಪ್ರೋಟೀನುಗಳ ಎಳೆಗಳು ಒಂದರ ಮೇಲೊಂದು ಜಾರಿದಾಗ ಸ್ನಾಯು ಸಂಕುಚಿಸುತ್ತದೆ. ಈ ಜೋಡಿ ಪ್ರಾಣಿಗಳಿಗಿಂತ ಹಳೆಯದು. ಏಕಕೋಶದ ಅಮೀಬ ತೆವಳುವುದೂ ಇವುಗಳ ನೆರವಿನಿಂದ. ಹೀಗಾಗಿ ಸ್ನಾಯುವಿನ ವಿಕಾಸದ ಬಹುಭಾಗ ಈ ಜೋಡಿಯನ್ನು ಹತೋಟಿಯಲ್ಲಿಡುವ ಪ್ರೋಟೀನುಗಳಲ್ಲಿ ನಡೆದಿದೆ. ಅದನ್ನು ಓದಲು ಕಡಲ ಅಕಶೇರುಕಗಳಷ್ಟು ಶ್ರೀಮಂತವಾದ ಆಕರ ಮತ್ತೊಂದಿಲ್ಲ.

ಸ್ನಾಯುವಿಗೆ ಸೇರಿದ ಮಯೋಸಿನ್ ಜೀನ್ ಇಮ್ಮಡಿಗೊಂಡದ್ದು ಪ್ರಾಣಿಗಳು ಹುಟ್ಟುವ ಮೊದಲೇ ಎಂದು 2012ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ತೋರಿಸಿತು. ಸ್ನಾಯುವೇ ಇಲ್ಲದ ಸ್ಪಂಜುಗಳಲ್ಲೂ ಎರಡೂ ಪ್ರತಿಗಳಿವೆ. ಜೆಲ್ಲಿಮೀನಿನ ಕೊಡೆಯಾಕಾರದ ದೇಹವನ್ನು ಮಿಡಿಸುವ ಸ್ನಾಯುವಿನಲ್ಲಿ ಮನುಷ್ಯರ ಸ್ನಾಯುವಿನಲ್ಲಿರುವಂಥದೇ ಅಡ್ಡಪಟ್ಟೆಗಳು ಕಾಣುತ್ತವೆ. ಆದರೆ ನಮ್ಮ ಪಟ್ಟೆಸ್ನಾಯುವಿಗೆ ಅಗತ್ಯವಾದ ಟ್ರೋಪೋನಿನ್, ಟೈಟಿನ್ ಎಂಬ ಪ್ರೋಟೀನುಗಳು ಆ ಪ್ರಾಣಿಯಲ್ಲಿ ಇಲ್ಲ. ಪಟ್ಟೆಯುಳ್ಳ ಸ್ನಾಯು ಅಲ್ಲಿ ಪ್ರತ್ಯೇಕವಾಗಿಯೇ ರೂಪುಗೊಂಡಿದೆ. ಸೂಕ್ಷ್ಮದರ್ಶಕದಡಿ ಕಂಡ ಹೋಲಿಕೆಯಿಂದಲೇ ವಂಶಸಂಬಂಧವನ್ನು ತೀರ್ಮಾನಿಸುವ ಹಳೆಯ ರೂಢಿಯನ್ನು ಮೊದಲು ಪ್ರಶ್ನಿಸಬೇಕಾಗುತ್ತದೆ.

ಸಂಕೋಚನಕ್ಕೆ ಅಪ್ಪಣೆ ಕೊಡುವುದು ಕ್ಯಾಲ್ಸಿಯಂ. ಅದನ್ನು ಸ್ವೀಕರಿಸುವ ಪ್ರೋಟೀನು ಮಾತ್ರ ಪ್ರಾಣಿಯಿಂದ ಪ್ರಾಣಿಗೆ ಬೇರೆ. ಕಶೇರುಕಗಳ ಪಟ್ಟೆಸ್ನಾಯುವಿನಲ್ಲಿ ಆ ಕೆಲಸ ಆಕ್ಟಿನ್ ಎಳೆಯ ಮೇಲೆ ಕುಳಿತ ಟ್ರೋಪೋನಿನ್ನಿನದು. 1960ರ ದಶಕದಲ್ಲಿ ಜಪಾನಿನ ಸೆತ್ಸುರೋ ಎಬಾಶಿ ಇದನ್ನು ಕಂಡುಹಿಡಿದರು. 1970ರಲ್ಲಿ ಕೆಂಡ್ರಿಕ್-ಜೋನ್ಸ್, ಲೇಮನ್ ಮತ್ತು ಆಂಡ್ರ್ಯೂ ಸೆಂಟ್-ಜಾರ್ಜಿ ಮೃದ್ವಂಗಿಗಳಲ್ಲಿ ಇನ್ನೊಂದು ದಾರಿಯನ್ನು ತೋರಿಸಿದರು. ಸ್ಕ್ಯಾಲಪ್ ಚಿಪ್ಪಿನ ಜೀವಿಯಲ್ಲಿ ಕ್ಯಾಲ್ಸಿಯಂ ನೇರವಾಗಿ ಮಯೋಸಿನ್ನಿಗೇ ಅಂಟಿಕೊಳ್ಳುತ್ತದೆ. ನಿಯಂತ್ರಕ ಲಘುಸರಪಳಿ ಎಂಬ ಸಣ್ಣ ಘಟಕವನ್ನು ತೆಗೆದರೆ ಮಯೋಸಿನ್ ಕ್ಯಾಲ್ಸಿಯಂ ಇಲ್ಲದೆಯೂ ಚುರುಕಾಗಿರುತ್ತದೆ. ಮರಳಿ ಜೋಡಿಸಿದರೆ ಹತೋಟಿಗೆ ಬರುತ್ತದೆ. ಅನೇಕ ಅಕಶೇರುಕಗಳಲ್ಲಿ ಈ ಎರಡೂ ವ್ಯವಸ್ಥೆಗಳು ಒಟ್ಟಿಗಿವೆ.

ಮೃದ್ವಂಗಿಗಳ ಹಿಡಿತದ ಸ್ನಾಯು ಇನ್ನೂ ಬೆರಗಿನದು. ಪಚ್ಚಿಲೆಯ ಜಾತಿಯ ಚಿಪ್ಪುಜೀವಿಗಳು ಚಿಪ್ಪನ್ನು ಗಂಟೆಗಟ್ಟಲೆ ಬಿಗಿಯಾಗಿ ಮುಚ್ಚಿಡಬಲ್ಲವು, ಅದೂ ಅತ್ಯಲ್ಪ ಶಕ್ತಿ ವ್ಯಯಿಸಿ. ಅಸಿಟೈಲ್‌ಕೋಲಿನ್ ಎಂಬ ನರಸಂದೇಶಕ ಸಂಕೋಚನವನ್ನು ಆರಂಭಿಸುತ್ತದೆ. ಅನಂತರ ಕೋಶದೊಳಗಿನ ಕ್ಯಾಲ್ಸಿಯಂ ಇಳಿದರೂ ಬಿಗಿತ ಉಳಿಯುತ್ತದೆ. ಸೆರೊಟೋನಿನ್ ಎಂಬ ಇನ್ನೊಂದು ನರಸಂದೇಶಕ ಬಂದಾಗಲೇ ಸಡಿಲವಾಗುತ್ತದೆ. ಈ ಸ್ನಾಯುವಿನ ದಪ್ಪ ಎಳೆಗಳ ತಿರುಳು ಪ್ಯಾರಾಮಯೋಸಿನ್, ಹೊದಿಕೆ ಮಯೋಸಿನ್. ಕಶೇರುಕಗಳಲ್ಲಿ ದಪ್ಪ ಎಳೆಯ ಉದ್ದ ಸುಮಾರು 1.6 ಮೈಕ್ರೋಮೀಟರ್, ಇಲ್ಲಿ ಅದು ಹತ್ತಾರು ಮೈಕ್ರೋಮೀಟರ್ ಮುಟ್ಟುತ್ತದೆ. ಎಳೆ ಉದ್ದವಾದಷ್ಟೂ ಹೆಚ್ಚು ಮಯೋಸಿನ್ ತಲೆಗಳು ಒಟ್ಟಾಗಿ ಎಳೆಯುತ್ತವೆ. ಕಶೇರುಕಗಳಲ್ಲಿ ಇಲ್ಲದ ಪ್ಯಾರಾಮಯೋಸಿನ್ನೇ ಹಿಡಿತಕ್ಕೆ ಕಾರಣವೆಂದು ಬಹುಕಾಲ ಭಾವಿಸಲಾಗಿತ್ತು. ಆದರೆ ಟ್ವಿಚಿನ್ ಎಂಬ ದೈತ್ಯ ಪ್ರೋಟೀನಿಗೆ ಫಾಸ್ಫೇಟ್ ಸೇರಿದಾಗ ಹಿಡಿತ ಬಿಡುತ್ತದೆಂಬುದು 1990ರ ದಶಕದ ಕೊನೆಗೆ ತಿಳಿಯಿತು. ಸ್ಕ್ಯಾಲಪ್ಪಿನಲ್ಲಿ ಚಿಪ್ಪನ್ನು ಪಟಪಟನೆ ಬಡಿದು ಈಜಿಸುವ ಸ್ನಾಯುವಿಗೂ ಬಿಗಿದು ಹಿಡಿಯುವ ಸ್ನಾಯುವಿಗೂ ಮಯೋಸಿನ್ನಿನ ಮುಖ್ಯ ಘಟಕವಾದ ಭಾರಸರಪಳಿಯನ್ನು ಒದಗಿಸುವುದು ಒಂದೇ ಜೀನ್. ಅದರ ಆರ್‌ಎನ್‌ಎಯನ್ನು ಎರಡು ಬಗೆಯಲ್ಲಿ ಕತ್ತರಿಸಿ ಜೋಡಿಸುವುದರಿಂದ ಎರಡು ಸ್ವಭಾವದ ಪ್ರೋಟೀನುಗಳು ದೊರೆಯುತ್ತವೆ. ಹೊಸ ಜೀನಿಗೆ ಕಾಯದೆ ಹೊಸ ಕೆಲಸ ಸಾಧಿಸಿದ ಇಷ್ಟು ಸ್ಪಷ್ಟ ಉದಾಹರಣೆಗಳು ವಿರಳ.

ಸ್ನಾಯು ಪ್ರೋಟೀನುಗಳ ವಿಕಾಸದಲ್ಲಿ ಬೆಳೆದ ಅಂತರ ಮನುಷ್ಯರ ಆರೋಗ್ಯವನ್ನೂ ತಟ್ಟುತ್ತದೆ. ಸೀಗಡಿ, ಏಡಿ ತಿಂದವರಲ್ಲಿ ಕಾಣುವ ಅಲರ್ಜಿಗೆ ಮುಖ್ಯ ಕಾರಣ ಅವುಗಳ ಸ್ನಾಯುವಿನಲ್ಲಿರುವ ಟ್ರೋಪೋಮಯೋಸಿನ್ ಎಂಬ ಪ್ರೋಟೀನು. ಮನುಷ್ಯರ ಟ್ರೋಪೋಮಯೋಸಿನ್‌ಗಿಂತ ಅದು ಸಾಕಷ್ಟು ಬೇರೆಯಾದ್ದರಿಂದ ದೇಹದ ರಕ್ಷಣಾ ವ್ಯವಸ್ಥೆ ಅದನ್ನು ಪರಕೀಯವೆಂದು ಗುರುತಿಸಬಲ್ಲದು; ಕೋಳಿಮಾಂಸದಲ್ಲಿರುವುದು ಹೆಚ್ಚು ಹತ್ತಿರದ್ದಾದ್ದರಿಂದ ಆ ತೊಂದರೆ ಅಪರೂಪ. ಬೇಯಿಸಿದರೂ ಸೀಗಡಿಯ ಟ್ರೋಪೋಮಯೋಸಿನ್ ಅಲರ್ಜಿಯ ಗುಣ ಕಳೆದುಕೊಳ್ಳುವುದಿಲ್ಲ. ಮನೆದೂಳಿನ ನುಸಿಯಲ್ಲೂ ಜಿರಳೆಯಲ್ಲೂ ಅದರ ಸಮೀಪದ ರೂಪಗಳಿರುವುದರಿಂದ ಇವುಗಳಲ್ಲೊಂದಕ್ಕೆ ಒಗ್ಗದ ದೇಹ ಇನ್ನೊಂದಕ್ಕೂ ಪ್ರತಿಕ್ರಿಯಿಸಬಹುದು.